ದೊಡ್ಡ ಅವಿಭಾಜ್ಯ ಸಂಖ್ಯೆ: ಹುಡುಕುವುದು ಹೇಗೆ, ‘ಬಹುಶಃ’ ಎಂಬ ಉತ್ತರವನ್ನು ಎಷ್ಟು ನಂಬುವುದು?

ಪ್ರಶ್ನೆ: ಆರ್‌ಎಸ್‌ಎ ಗೂಢಲಿಪಿ (ಎರಡು ದೊಡ್ಡ ಅವಿಭಾಜ್ಯಗಳ ಗುಣಲಬ್ಧವೇ ಇದರ ಕೀಲಿಯ ತಿರುಳು) ಕಲಿಯಲೆಂದು ಪೈಥಾನ್‌ನಲ್ಲಿ 1024 ಬಿಟ್‌ಗಳ ಅವಿಭಾಜ್ಯ ಸಂಖ್ಯೆ ಹುಡುಕುವ ಪ್ರೋಗ್ರಾಂ ಬರೆಯುತ್ತಿದ್ದೇನೆ. ವರ್ಗಮೂಲದವರೆಗೆ ಭಾಗಿಸಿ ನೋಡುವ ಶಾಲೆಯ ವಿಧಾನ 18–20 ಅಂಕಿಗೇ ಕೈಚೆಲ್ಲುತ್ತದೆ. ಮಿಲ್ಲರ್–ರಾಬಿನ್ ಪರೀಕ್ಷೆ ಬಳಸಿದರೆ ಸಿಗುವ ಉತ್ತರ ‘ಬಹುಶಃ ಅವಿಭಾಜ್ಯ’. ಇದನ್ನು ಎಷ್ಟು ನಂಬಬಹುದು, ಎಷ್ಟು ಸುತ್ತು (ಅದೇ ಪರೀಕ್ಷೆಯನ್ನು ಎಷ್ಟು ಸಲ) ಓಡಿಸಬೇಕು? ಉತ್ತರವೇ ‘ಬಹುಶಃ’ ಆದರೆ, ನಾಲ್ಕು ಕೋಟಿ ಅಂಕಿಗಳ ಸಂಖ್ಯೆ ಅವಿಭಾಜ್ಯವೆಂದು ಖಚಿತವಾಗಿ ಹೇಳುವುದು ಹೇಗೆ?

ಉತ್ತರ: ಎಷ್ಟು ಸುತ್ತು ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಪರೀಕ್ಷೆಗೆ ಬಂದ ಸಂಖ್ಯೆಯನ್ನು ಆರಿಸಿದವರು ಯಾರು ಎಂಬುದರ ಮೇಲೆ ಅದು ನಿಂತಿದೆ. ನೀವೇ ಯಾದೃಚ್ಛಿಕವಾಗಿ ಆರಿಸಿದ್ದರೆ ಮೂರು ನಾಲ್ಕು ಸುತ್ತು ಧಾರಾಳ. ಬೇರೆ ಯಾರೋ ಕೊಟ್ಟ ಸಂಖ್ಯೆಯಾದರೆ ಅಷ್ಟು ಸಾಲದು. ಕಾರಣ ಮುಂದೆ ಬರುತ್ತದೆ. ಮೊದಲು ಹುಡುಕಾಟದ ಲೆಕ್ಕ ನೋಡೋಣ.

1024 ಬಿಟ್‌ಗಳ ಸಂಖ್ಯೆ ಎಂದರೆ ಸುಮಾರು 308 ಅಂಕಿ. ಅದರ ವರ್ಗಮೂಲಕ್ಕೇ ಸುಮಾರು 154 ಅಂಕಿ. ಅಲ್ಲಿಯವರೆಗಿನ ಅವಿಭಾಜ್ಯಗಳಿಂದ ಮಾತ್ರ ಭಾಗಿಸುತ್ತೇನೆ ಎಂದರೂ ಅವುಗಳ ಸಂಖ್ಯೆ 10^151ಕ್ಕಿಂತ ಹೆಚ್ಚು. ಸೆಕೆಂಡಿಗೆ ಲಕ್ಷ ಕೋಟಿ ಭಾಗಾಕಾರ ಮಾಡುವ ಯಂತ್ರಕ್ಕೂ 10^139 ಸೆಕೆಂಡು ಬೇಕು. ವಿಶ್ವದ ವಯಸ್ಸು ಇನ್ನೂ 10^18 ಸೆಕೆಂಡು ಆಗಿಲ್ಲ. ಹಾಗಾಗಿ ಅಪವರ್ತನ ಹುಡುಕುವ ಆಸೆಯನ್ನೇ ಬಿಡಬೇಕು. ಅಪವರ್ತನ ಯಾವುದೆಂದು ತಿಳಿಯದೆಯೇ ‘ಇದು ಸಂಯುಕ್ತ’ ಎಂದು ಹೇಳಲು ಬರುತ್ತದೆ ಎಂಬುದರ ಮೇಲೆಯೇ ಈ ಇಡೀ ವಿದ್ಯೆ ನಿಂತಿದೆ.

ಇಷ್ಟು ದೊಡ್ಡ ಸಂಖ್ಯೆಗಳ ನಡುವೆ ಅವಿಭಾಜ್ಯಗಳು ಅಪರೂಪವೇನಲ್ಲ. ಒಂದು ಸಂಖ್ಯೆಯ ಆಸುಪಾಸಿನಲ್ಲಿ ಅವಿಭಾಜ್ಯಗಳು ಸರಾಸರಿ ಅದರ ಸಹಜ ಲಾಗರಿದಮ್‌ನಷ್ಟು ಅಂತರದಲ್ಲಿ ಸಿಗುತ್ತವೆ. 2^1024ರ ಸಹಜ ಲಾಗರಿದಮ್ ಸುಮಾರು 710. ಸಮ ಸಂಖ್ಯೆಗಳನ್ನು ಬಿಟ್ಟರೆ 355 ಬೆಸ ಸಂಖ್ಯೆಗಳಿಗೆ ಒಂದು ಅವಿಭಾಜ್ಯ. ಅಷ್ಟಕ್ಕೂ ಮಿಲ್ಲರ್–ರಾಬಿನ್ ಓಡಿಸುವುದು ದಂಡ, ಏಕೆಂದರೆ ಒಂದೊಂದು ಓಟಕ್ಕೂ ಸಾವಿರಕ್ಕೂ ಹೆಚ್ಚು ದೊಡ್ಡ ಗುಣಾಕಾರಗಳಾಗುತ್ತವೆ. ಮೊದಲು ಸಣ್ಣ ಅವಿಭಾಜ್ಯಗಳ ಜರಡಿ ಹಿಡಿಯಬೇಕು, ಅಂದರೆ ಅವುಗಳಿಂದ ಭಾಗವಾಗುವ ಸಂಖ್ಯೆಗಳನ್ನು ತೆಗೆದುಹಾಕಬೇಕು. 10,000ದ ಒಳಗಿನ 1,229 ಅವಿಭಾಜ್ಯಗಳಿಂದ ಜರಡಿ ಹಿಡಿದರೆ ಒಂದು ಅವಿಭಾಜ್ಯ ಸಿಗುವಷ್ಟರಲ್ಲಿ ಸರಾಸರಿ 43 ಸಂಖ್ಯೆಗಳಷ್ಟೇ ಪರೀಕ್ಷೆಗೆ ಉಳಿಯುತ್ತವೆ. ಜರಡಿಯನ್ನು 10 ಲಕ್ಷದವರೆಗೆ ಒಯ್ದರೆ 78,498 ಅವಿಭಾಜ್ಯಗಳು ಬೇಕು, ಉಳಿಯುವುದು ಸುಮಾರು 29. ಅರವತ್ತಕ್ಕೂ ಹೆಚ್ಚು ಪಟ್ಟು ದುಡಿಮೆಗೆ ಮೂರನೇ ಒಂದರಷ್ಟು ಲಾಭ. ಜರಡಿಯಲ್ಲಿ ಒಂದು ಸಂಖ್ಯೆ ಉದುರಿಸಲು ಹಿಡಿಯುವ ಸಮಯ ಒಂದು ಮಿಲ್ಲರ್–ರಾಬಿನ್ ಸುತ್ತಿನ ಸಮಯವನ್ನು ಮುಟ್ಟಿದಾಗ ನಿಲ್ಲಿಸಿ, ಸಾಕು. ಅದು ಎಲ್ಲಿ ಎಂಬುದನ್ನು ನಿಮ್ಮ ಯಂತ್ರದಲ್ಲೇ ಅಳೆದು ನೋಡಬೇಕು.

ಜರಡಿ ಹಿಡಿಯುವುದಕ್ಕೂ ಒಂದು ಕ್ರಮವಿದೆ. ಪ್ರತಿ ಸಂಖ್ಯೆಗೂ ಹೊಸದಾಗಿ 1,229 ಭಾಗಾಕಾರ ಮಾಡಬೇಡಿ. ಯಾದೃಚ್ಛಿಕವಾದ ಒಂದು ಬೆಸ ಸಂಖ್ಯೆಯಿಂದ ಹೊರಟು, ಮುಂದಿನ ನಾಲ್ಕೈದು ಸಾವಿರ ಬೆಸ ಸಂಖ್ಯೆಗಳಿಗೆ ಒಂದೊಂದು ಗುರುತಿನ ಪಟ್ಟಿ ಮಾಡಿಕೊಳ್ಳಿ. ಆರಂಭದ ಸಂಖ್ಯೆಯನ್ನು ಪ್ರತಿ ಸಣ್ಣ ಅವಿಭಾಜ್ಯದಿಂದ ಒಂದೇ ಸಲ ಭಾಗಿಸಿ ಶೇಷ ಪಡೆದರೆ, ಅದರ ಗುಣಕಗಳು ಪಟ್ಟಿಯಲ್ಲಿ ಎಲ್ಲೆಲ್ಲಿ ಬೀಳುತ್ತವೆ ಎಂಬುದು ಬರೀ ಕೂಡಿಕೆಯಿಂದ ಗೊತ್ತಾಗುತ್ತದೆ. ಹೀಗೆ ಸಾಲಾಗಿ ಹುಡುಕಿದಾಗ ದೊಡ್ಡ ಅಂತರದ ನಂತರ ಬರುವ ಅವಿಭಾಜ್ಯಗಳು ಕೈಗೆ ಸಿಗುವ ಸಾಧ್ಯತೆ ಸ್ವಲ್ಪ ಹೆಚ್ಚು. ಈ ಪಕ್ಷಪಾತದಿಂದ ಯಾವ ದಾಳಿಯೂ ಸುಲಭವಾಗುವುದಿಲ್ಲ. ಆದರೂ ಮನಸ್ಸು ಒಪ್ಪದಿದ್ದರೆ ಪ್ರತಿ ಸಲವೂ ಹೊಸ ಯಾದೃಚ್ಛಿಕ ಸಂಖ್ಯೆ ತೆಗೆದುಕೊಳ್ಳಿ, ಕೊಂಚ ನಿಧಾನವಾಗುತ್ತದೆ ಅಷ್ಟೆ.

ಇನ್ನು ಪರೀಕ್ಷೆ. ಬೇರು ಇರುವುದು ಫರ್ಮಾ ಪ್ರಮೇಯದಲ್ಲಿ: ‘ನ’ ಅವಿಭಾಜ್ಯವಾಗಿದ್ದು ‘ಅ’ (ಇದನ್ನು ಆಧಾರ ಎನ್ನುತ್ತಾರೆ) ಅದರ ಗುಣಕವಲ್ಲದಿದ್ದರೆ ಅ^(ನ−1) ಅನ್ನು ‘ನ’ದಿಂದ ಭಾಗಿಸಿದಾಗ ಶೇಷ 1. ಶೇಷ 1 ಬರಲಿಲ್ಲವೆಂದರೆ ಸಂಖ್ಯೆ ಸಂಯುಕ್ತ, ಅದರಲ್ಲಿ ಅನುಮಾನವಿಲ್ಲ. ತೊಂದರೆ ಇರುವುದು ತಿರುಗುಮುರುಗಿನಲ್ಲಿ. 341 = 11 × 31, ಆದರೂ 2^340ರ ಶೇಷ 1. ಇನ್ನೂ ಕೆಟ್ಟವು ಕಾರ್ಮೈಕೇಲ್ ಸಂಖ್ಯೆಗಳು: 561 = 3 × 11 × 17 ತನ್ನೊಂದಿಗೆ ಸಾಮಾನ್ಯ ಅಪವರ್ತನವಿಲ್ಲದ ಯಾವ ಆಧಾರ ಕೊಟ್ಟರೂ ಫರ್ಮಾ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಇಂಥವು ಅನಂತವಾಗಿವೆ ಎಂದು 1994ರಲ್ಲಿ ಆಲ್ಫರ್ಡ್, ಗ್ರಾನ್‌ವಿಲ್, ಪೊಮರೆನ್ಸ್ ಸಾಧಿಸಿದರು. ಆದ್ದರಿಂದ ಬರೀ ಫರ್ಮಾವನ್ನು ನಂಬಿ ಕೂರುವಂತಿಲ್ಲ.

ಮಿಲ್ಲರ್–ರಾಬಿನ್ ಇದಕ್ಕೆ ಇನ್ನೊಂದು ಪಟ್ಟು ಸೇರಿಸುತ್ತದೆ. ಅವಿಭಾಜ್ಯದ ಲೋಕದಲ್ಲಿ ವರ್ಗ ಮಾಡಿದರೆ 1 ಬರುವ ಸಂಖ್ಯೆಗಳು ಎರಡೇ: 1 ಮತ್ತು −1 (ಅಂದರೆ ನ−1). ಮೂರನೆಯದು ಕಂಡಿತೆಂದರೆ ಸಂಖ್ಯೆ ಸಂಯುಕ್ತ. ಮಾಡುವ ಬಗೆ ಹೀಗೆ: ನ−1ರಿಂದ ಸಾಧ್ಯವಾದಷ್ಟು 2ಗಳನ್ನು ಹೊರತೆಗೆದು ನ−1 = 2^ಸ × ದ ಎಂದು ಬರೆಯಿರಿ, ಇಲ್ಲಿ ‘ದ’ ಬೆಸ. 2ರಿಂದ ನ−2ರ ಒಳಗೆ ಒಂದು ಆಧಾರ ‘ಅ’ ಆರಿಸಿ ಅ^ದ ಅನ್ನು ‘ನ’ದಿಂದ ಭಾಗಿಸಿದ ಶೇಷ ಕಂಡುಹಿಡಿಯಿರಿ. ಅದು 1 ಅಥವಾ −1 ಆದರೆ ಈ ಸುತ್ತು ಪಾಸು. ಇಲ್ಲದಿದ್ದರೆ ವರ್ಗ ಮಾಡುತ್ತಾ ಹೋಗಿ, ಹೆಚ್ಚೆಂದರೆ ಸ−1 ಸಲ. ನಡುವೆ −1 ಬಂದರೆ ಪಾಸು. ಬರಲೇ ಇಲ್ಲವೆಂದರೆ ಸಂಯುಕ್ತ.

561ನ್ನೇ ಆಧಾರ 2ರಿಂದ ನೋಡಿ. 560 = 2^4 × 35. 2^35ರ ಶೇಷ 263. ಅದರ ವರ್ಗದ ಶೇಷ 166, ಮತ್ತೆ ವರ್ಗ ಮಾಡಿದರೆ 67. 67 × 67 = 4489 = 8 × 561 + 1, ಶೇಷ 1. ಅಂದರೆ 1ಕ್ಕೆ 67 ಎಂಬ ಮೂರನೆಯ ವರ್ಗಮೂಲ ಸಿಕ್ಕಿತು, ಗುಟ್ಟು ರಟ್ಟಾಯಿತು. ಇಂಥ ವರ್ಗಮೂಲ ಸಿಕ್ಕಾಗ ಅಪವರ್ತನವೂ ಪುಕ್ಕಟೆ ಸಿಗುತ್ತದೆ: 66 ಮತ್ತು 561ರ ಮ.ಸಾ.ಅ. 33, 68 ಮತ್ತು 561ರದ್ದು 17. ಆದರೆ ದೊಡ್ಡ ಸಂಯುಕ್ತ ಸಂಖ್ಯೆಗಳು ಬಹುಪಾಲು ಫರ್ಮಾ ಹಂತದಲ್ಲೇ ಬಿದ್ದುಹೋಗುವುದರಿಂದ ಈ ಭಾಗ್ಯ ಅಪರೂಪ.

ಸುತ್ತುಗಳ ವಿಷಯಕ್ಕೆ ಬರುತ್ತೇನೆ. 9ಕ್ಕಿಂತ ದೊಡ್ಡದಾದ ಯಾವುದೇ ಬೆಸ ಸಂಯುಕ್ತ ಸಂಖ್ಯೆಗೆ, ಅದನ್ನು ಪಾಸು ಮಾಡಿಬಿಡುವ ಸುಳ್ಳುಸಾಕ್ಷಿಗಳು ಒಟ್ಟು ಆಧಾರಗಳಲ್ಲಿ ಕಾಲು ಭಾಗವನ್ನು ಮೀರುವುದಿಲ್ಲ. ಹೀಗಾಗಿ ‘ಟಿ’ ಸುತ್ತುಗಳಲ್ಲಿ ಮೋಸ ಹೋಗುವ ಸಂಭವನೀಯತೆ 4^−ಟಿ ಗಿಂತ ಹೆಚ್ಚಿಲ್ಲ ಎಂದು ಪಠ್ಯಗಳಲ್ಲಿ ಬರೆದಿರುತ್ತದೆ. ಆ ಮಾತು ನಿಜ, ಆದರೆ ಅದನ್ನು ಓದುವ ರೀತಿ ಹಲವರಿಗೆ ತಪ್ಪುತ್ತದೆ. ಎಲ್ಲ ಸಂಯುಕ್ತ ಸಂಖ್ಯೆಗಳಿಗೂ ಕಾಲು ಭಾಗ ಸುಳ್ಳುಸಾಕ್ಷಿಗಳಿದ್ದಿದ್ದರೆ, 355 ಬೆಸ ಸಂಖ್ಯೆಗಳಲ್ಲಿ ಒಂದೇ ಸುತ್ತು ಓಡಿಸಿದಾಗ ಒಂದು ನಿಜವಾದ ಅವಿಭಾಜ್ಯದ ಜೊತೆ 88 ಕಳ್ಳರೂ ಒಳನುಗ್ಗುತ್ತಿದ್ದರು. ಹಾಗೆ ಆಗುವುದೇ ಇಲ್ಲ. ಸಾಮಾನ್ಯ ಸಂಯುಕ್ತ ಸಂಖ್ಯೆಗೆ ಸುಳ್ಳುಸಾಕ್ಷಿಗಳ ಪಾಲು ಇಲ್ಲವೆನ್ನುವಷ್ಟು ಕಡಿಮೆ. ದಾಮ್‌ಗಾರ್ಡ್, ಲ್ಯಾಂಡ್ರಾಕ್, ಪೊಮರೆನ್ಸ್ 1993ರಲ್ಲಿ ಈ ಸರಾಸರಿಯನ್ನೇ ಲೆಕ್ಕ ಹಾಕಿದರು. ಅದರ ಪ್ರಕಾರ 1024 ಬಿಟ್‌ಗಳ ಯಾದೃಚ್ಛಿಕ ಸಂಖ್ಯೆಗೆ 3 ಸುತ್ತು ಓಡಿಸಿದರೆ ತಪ್ಪಾಗುವ ಸಂಭವನೀಯತೆ 2^−80ಕ್ಕಿಂತ ಕಡಿಮೆ. ಸಂಖ್ಯೆ ದೊಡ್ಡದಾದಷ್ಟೂ ಸುತ್ತು ಕಡಿಮೆ ಸಾಕು. 200 ಬಿಟ್‌ಗಳಿಗೆ 15 ಬೇಕಾಗಿದ್ದದ್ದು 1300 ಬಿಟ್‌ಗಳಿಗೆ 2ಕ್ಕೆ ಇಳಿಯುತ್ತದೆ.

ಕಾಲು ಭಾಗದ ಮಿತಿಗೆ ಹತ್ತಿರ ಬರುವ ಸಂಖ್ಯೆಗಳೂ ಇವೆ, ಬೇಕೆಂದೇ ಕಟ್ಟಬಹುದು. ‘ಪ’ವನ್ನು 4ರಿಂದ ಭಾಗಿಸಿದಾಗ 3 ಉಳಿಯಬೇಕು, ‘ಪ’ ಮತ್ತು 2ಪ−1 ಎರಡೂ ಅವಿಭಾಜ್ಯವಾಗಿರಬೇಕು. ಅವುಗಳ ಗುಣಲಬ್ಧವೇ ಅಂಥ ಸಂಖ್ಯೆ. 19 × 37 = 703 ತೆಗೆದುಕೊಳ್ಳಿ: 1ರಿಂದ 702ರವರೆಗಿನ ಆಧಾರಗಳಲ್ಲಿ 162 ಸುಳ್ಳುಸಾಕ್ಷಿಗಳು. 3^351ರ ಶೇಷ ನೇರವಾಗಿ −1 ಬಂದು ಆಧಾರ 3 ಇದನ್ನು ಅವಿಭಾಜ್ಯವೆಂದು ಬಿಟ್ಟುಬಿಡುತ್ತದೆ, ಆಧಾರ 2 ಹಿಡಿಯುತ್ತದೆ. ನೀವು ಬಳಸುವ ಆಧಾರಗಳು ಯಾವುವೆಂದು ಮೊದಲೇ ತಿಳಿದವನಿಗೆ ಅಷ್ಟನ್ನೂ ದಾಟುವ ಸಂಖ್ಯೆ ಕಟ್ಟಲು ಬರುತ್ತದೆ. ಆರ್ನೋ ಎಂಬ ಗಣಿತಜ್ಞ 1995ರಲ್ಲಿ ಪ್ರಕಟಿಸಿದ 397 ಅಂಕಿಗಳ ಸಂಯುಕ್ತ ಸಂಖ್ಯೆಯೊಂದು 307ಕ್ಕಿಂತ ಚಿಕ್ಕ ಎಲ್ಲ ಅವಿಭಾಜ್ಯ ಆಧಾರಗಳಲ್ಲೂ ಪಾಸಾಗುತ್ತದೆ. ಆದ್ದರಿಂದ ಹೊರಗಿನಿಂದ ಬಂದ ಸಂಖ್ಯೆಗೆ 2, 3, 5, 7 ಎಂದು ನಿಗದಿತ ಆಧಾರ ಬಳಸಲೇಬೇಡಿ. ಪ್ರತಿ ಸುತ್ತಿಗೂ ಆಧಾರವನ್ನು ಊಹೆಗೆ ಸಿಗದ ಹಾಗೆ ಆರಿಸಿ, 64 ಸುತ್ತು ಓಡಿಸಿ. ಆಗ 4^−64, ಅಂದರೆ 2^−128 ಎಂಬ ಮಿತಿ ಯಾರು ಕೊಟ್ಟ ಸಂಖ್ಯೆಗೂ ಅನ್ವಯಿಸುತ್ತದೆ.

ಸಣ್ಣ ಸಂಖ್ಯೆಗಳಲ್ಲಿ ಮಾತ್ರ ನಿಗದಿತ ಆಧಾರಗಳೇ ಒಳ್ಳೆಯವು, ಏಕೆಂದರೆ ಅಲ್ಲಿ ಎಲ್ಲವನ್ನೂ ಹುಡುಕಿ ನೋಡಿಯಾಗಿದೆ. 32 ಬಿಟ್‌ಗಳಿಗೆ 2, 7, 61 ಎಂಬ ಮೂರೇ ಸಾಕು. 64 ಬಿಟ್‌ಗಳಿಗೆ 2ರಿಂದ 37ರವರೆಗಿನ 12 ಅವಿಭಾಜ್ಯಗಳು ಸಾಕು. ಇಲ್ಲಿ ಉತ್ತರ ‘ಬಹುಶಃ’ ಅಲ್ಲ, ಖಚಿತ.

ಇನ್ನೊಂದು ದಾರಿ ಬೇಲಿ–ಪಿಎಸ್‌ಡಬ್ಲ್ಯು ಪರೀಕ್ಷೆ: ಆಧಾರ 2ರ ಒಂದು ಮಿಲ್ಲರ್–ರಾಬಿನ್ ಸುತ್ತು, ಜೊತೆಗೆ ಒಂದು ಲೂಕಾಸ್ ಪರೀಕ್ಷೆ. ಎರಡನ್ನೂ ದಾಟಿದ ಸಂಯುಕ್ತ ಸಂಖ್ಯೆ ಈವರೆಗೆ ಒಂದೂ ಸಿಕ್ಕಿಲ್ಲ, 2^64ರ ಒಳಗೆ ಇಲ್ಲವೇ ಇಲ್ಲ ಎಂದು ಪರಿಶೀಲಿಸಲಾಗಿದೆ. ಇದನ್ನು ನೀವೇ ಬರೆಯುವುದಾದರೆ ಒಂದು ಹಳ್ಳ ಕಾದಿದೆ. ಲೂಕಾಸ್ ಭಾಗಕ್ಕೆ 5, −7, 9, −11 ಎಂದು ಹುಡುಕುತ್ತಾ ‘ನ’ದೊಂದಿಗಿನ ಯಾಕೋಬಿ ಚಿಹ್ನೆ (1, 0 ಅಥವಾ −1 ಬೆಲೆ ಕೊಡುವ ಒಂದು ಲೆಕ್ಕ) −1 ಆಗುವ ಸಂಖ್ಯೆ ಬೇಕು. ‘ನ’ ಪೂರ್ಣ ವರ್ಗವಾದರೆ ಅದು ಎಂದಿಗೂ ಸಿಗದು, ಪ್ರೋಗ್ರಾಂ ಸುತ್ತುತ್ತಲೇ ಇರುತ್ತದೆ. ಆಧಾರ 2 ಅದನ್ನು ಮೊದಲೇ ಹಿಡಿಯುತ್ತದಲ್ಲ ಎನ್ನಬೇಡಿ: 1093ರ ವರ್ಗ 11,94,649 ಮತ್ತು 3511ರ ವರ್ಗ 1,23,27,121 ಎರಡೂ ಆಧಾರ 2ರಲ್ಲಿ ಪಾಸಾಗುತ್ತವೆ. 1,000ಕ್ಕೆ ನಿಂತ ಜರಡಿ ಇವನ್ನು ಹಿಡಿಯದು. ಪೂರ್ಣ ವರ್ಗದ ತಪಾಸಣೆ ಮೊದಲೇ ಮಾಡಿ, ಅದೂ ಪೂರ್ಣಾಂಕ ವರ್ಗಮೂಲದಿಂದ. ದಶಮಾಂಶದ ವರ್ಗಮೂಲ 53 ಬಿಟ್ ದಾಟಿದೊಡನೆ ಸುಳ್ಳು ಹೇಳತೊಡಗುತ್ತದೆ.

‘ಬಹುಶಃ’ ಬೇಡ, ರುಜುವಾತೇ ಬೇಕು ಎಂದರೆ? ಸುಲಭದ ದಾರಿ ಸಂಖ್ಯೆಯನ್ನೇ ರುಜುವಾತಿನ ಸಮೇತ ಕಟ್ಟುವುದು. ನಿಮ್ಮ ಬಳಿ ‘ಕ’ ಎಂಬ ಖಚಿತ ಅವಿಭಾಜ್ಯವಿದೆ ಎನ್ನಿ. 2 × ಮ × ಕ + 1 ರೂಪದ ಸಂಖ್ಯೆ ‘ನ’ವನ್ನು, ‘ಕ’ ಅದರ ವರ್ಗಮೂಲಕ್ಕಿಂತ ದೊಡ್ಡದಿರುವಂತೆ ಆರಿಸಿ. ಅ^(ನ−1)ರ ಶೇಷ 1 ಆಗಿದ್ದು, ಅ^(2ಮ) − 1 ಮತ್ತು ‘ನ’ದ ಮ.ಸಾ.ಅ. 1 ಆಗಿದ್ದರೆ ‘ನ’ ಅವಿಭಾಜ್ಯ. ಇದು ಪಾಕ್ಲಿಂಗ್‌ಟನ್ ಪ್ರಮೇಯ. 101ರಿಂದ ಹೊರಟರೆ 203 = 7 × 29, 405 ಎಂಬುದು 5ರ ಗುಣಕ, ಮೂರನೆಯದು 607. ಆಧಾರ 2ಕ್ಕೆ 2^606ರ ಶೇಷ 1; 2^6 − 1 = 63 ಮತ್ತು 607ರ ಮ.ಸಾ.ಅ. 1. ಅಲ್ಲಿಗೆ 607 ಸಿದ್ಧ. ಪ್ರತಿ ಹಂತದಲ್ಲೂ ಅಂಕಿಗಳು ಹೆಚ್ಚುಕಡಿಮೆ ಇಮ್ಮಡಿಯಾಗುತ್ತವೆ, ಹಾಗಾಗಿ 32 ಬಿಟ್‌ಗಳಿಂದ 1024 ಬಿಟ್‌ಗಳಿಗೆ ಐದಾರು ಹಂತ ಸಾಕು.

ಕೈಯಲ್ಲಿರುವ ಸಂಖ್ಯೆ ಹೀಗೆ ಕಟ್ಟಿದ್ದಲ್ಲದಿದ್ದರೆ ನ−1ರ ಅಪವರ್ತನಗಳು ಗೊತ್ತಿರುವುದಿಲ್ಲ. ಆಗ ಎಲಿಪ್ಟಿಕ್ ಕರ್ವ್ ವಿಧಾನ, ಅಂದರೆ ಇಸಿಪಿಪಿ ಬೇಕು. ಪಾರಿ/ಜಿಪಿಯಂಥ ತಂತ್ರಾಂಶ ಇದರಿಂದ ಪ್ರಮಾಣಪತ್ರವನ್ನೇ ಬರೆದುಕೊಡುತ್ತದೆ. ಬೇರೆಯವರು ಅದನ್ನು ತಾಳೆ ನೋಡುವುದು ಬರೆದುದಕ್ಕಿಂತ ಎಷ್ಟೋ ಬೇಗ ಮುಗಿಯುತ್ತದೆ. ಐಐಟಿ ಕಾನ್ಪುರದ ಮಣೀಂದ್ರ ಅಗರ್ವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ 2002ರಲ್ಲಿ ಕೊಟ್ಟ ಎಕೆಎಸ್ ವಿಧಾನ ಸಿದ್ಧಾಂತದಲ್ಲಿ ಇದಕ್ಕಿಂತ ಮೇಲು: ಯಾದೃಚ್ಛಿಕತೆಯಿಲ್ಲ, ಸಾಧಿಸದ ಊಹೆಗಳಿಲ್ಲ, ಬಹುಪದೀಯ ಸಮಯದಲ್ಲಿ (ಅಂದರೆ ಅಂಕಿಗಳು ಹೆಚ್ಚಿದಂತೆ ಮಿತಿಮೀರಿ ಬೆಳೆಯದ ಸಮಯದಲ್ಲಿ) ಖಚಿತ ಉತ್ತರ. ಬಳಕೆಗೆ ಮಾತ್ರ ಅದು ನಿಧಾನ, ನಿಮ್ಮ ಪ್ರೋಗ್ರಾಂಗೆ ತರಬೇಡಿ.

ನಾಲ್ಕು ಕೋಟಿ ಅಂಕಿಗಳ ಸಂಖ್ಯೆಗೆ ಇಸಿಪಿಪಿಯೂ ಎಟುಕದು. ಆ ವಿಧಾನದಿಂದ 2023ರಲ್ಲಿ ಸಾಧಿಸಿದ್ದು 1 ಎಂಬ ಅಂಕಿಯನ್ನೇ 86,453 ಸಲ ಸಾಲಾಗಿ ಬರೆದ ಸಂಖ್ಯೆಯನ್ನು. ಕೋಟಿಗಟ್ಟಲೆ ಅಂಕಿಗಳಿಗೆ ಹೋಗಬೇಕಾದರೆ ಸಂಖ್ಯೆಗೆ ವಿಶೇಷ ರೂಪ ಇರಲೇಬೇಕು. ಅಕ್ಟೋಬರ್ 2024ರಲ್ಲಿ, ಇಂಥ ಅವಿಭಾಜ್ಯಗಳನ್ನು ಹುಡುಕುವ ಸ್ವಯಂಸೇವಕರ ಜಿಂಪ್ಸ್ ಯೋಜನೆ ಪ್ರಕಟಿಸಿದ 2^13,62,79,841 − 1 ಮರ್ಸೆನ್ ರೂಪದ್ದು, 4,10,24,320 ಅಂಕಿ. 2^ಪ − 1ಕ್ಕೆ (‘ಪ’ ಬೆಸ ಅವಿಭಾಜ್ಯ) ಲೂಕಾಸ್–ಲೆಹ್ಮರ್ ಪರೀಕ್ಷೆಯಿದೆ: 4ರಿಂದ ಹೊರಟು, ಪ್ರತಿ ಸಲ ವರ್ಗ ಮಾಡಿ 2 ಕಳೆದು ಶೇಷ ಇಟ್ಟುಕೊಳ್ಳಿ. ಪ−2 ಸಲದ ನಂತರ 0 ಬಂದರೆ ಅವಿಭಾಜ್ಯ, ಬಾರದಿದ್ದರೆ ಅಲ್ಲ. 127 = 2^7 − 1ಕ್ಕೆ 4, 14, 67, 42, 111, 0. ಐದೇ ಹೆಜ್ಜೆಯಲ್ಲಿ ಪೂರ್ಣ ರುಜುವಾತು.

ಈ ರೂಪದಲ್ಲಿ ಶೇಷ ತೆಗೆಯಲು ಭಾಗಾಕಾರವೇ ಬೇಡ: ವರ್ಗದ ಮೇಲಿನ ಅರ್ಧದ ಬಿಟ್‌ಗಳನ್ನು ಕೆಳಗಿನ ಅರ್ಧಕ್ಕೆ ಕೂಡಿದರೆ ಆಯಿತು. ಅಪವರ್ತನ ಇದ್ದರೂ ಅದು 2 × ಕ × ಪ + 1 ರೂಪದಲ್ಲೇ (ಇಲ್ಲಿ ‘ಕ’ ಯಾವುದೇ ಪೂರ್ಣಾಂಕ) ಇರಬೇಕು, 8ರಿಂದ ಭಾಗಿಸಿದರೆ ಶೇಷ 1 ಅಥವಾ 7. ಹೀಗಾಗಿ ಜರಡಿಯೂ ಹಗುರ. 2^23 − 1ನ್ನು ಮೊದಲ ಪ್ರಯತ್ನದಲ್ಲೇ 47 ಕೆಡವುತ್ತದೆ. ನಿಜವಾದ ಕಷ್ಟ ಯಂತ್ರದ ತಪ್ಪುಗಳದ್ದು. 13 ಕೋಟಿಗೂ ಹೆಚ್ಚು ಹೆಜ್ಜೆಗಳಲ್ಲಿ ಒಂದು ಬಿಟ್ ಎಲ್ಲಿಯಾದರೂ ಉಲ್ಟಾ ಆದರೆ, ದಶಮಾಂಶದ ಫೂರಿಯೇ ಗುಣಾಕಾರದಲ್ಲಿ (ದೊಡ್ಡ ಸಂಖ್ಯೆಗಳನ್ನು ಬೇಗ ಗುಣಿಸುವ ವಿಧಾನ) ಒಮ್ಮೆ ಪೂರ್ಣಾಂಕ ತಪ್ಪಿದರೆ, ಕೊನೆಯ ಉತ್ತರ ಕಸ. ಲೂಕಾಸ್–ಲೆಹ್ಮರ್‌ಗೆ ನಡುದಾರಿಯಲ್ಲಿ ಇದನ್ನು ಅಗ್ಗವಾಗಿ ಪತ್ತೆಹಚ್ಚುವ ಭದ್ರ ಉಪಾಯವಿಲ್ಲ. ಆದ್ದರಿಂದಲೇ ಈಗ ಮೊದಲ ಓಟ ಆಧಾರ 3ರ ಫರ್ಮಾ ಪರೀಕ್ಷೆಯಲ್ಲಿ ನಡೆಯುತ್ತದೆ. ಅದಕ್ಕೆ ಗರ್ಬಿಚ್ ತಪಾಸಣೆ ಎಂಬ ಬಲವಾದ ಕಾವಲಿದೆ, ತಪ್ಪು ಕಂಡರೆ ಹಿಂದಿನ ಸರಿಯಾದ ಹಂತಕ್ಕೆ ಮರಳುತ್ತದೆ. ಅದರಲ್ಲಿ ಪಾಸಾದ ಅಪರೂಪದ ಸಂಖ್ಯೆಗೆ ಮಾತ್ರ ಬೇರೆ ಬೇರೆ ಯಂತ್ರ, ಬೇರೆ ಬೇರೆ ತಂತ್ರಾಂಶಗಳಲ್ಲಿ ಲೂಕಾಸ್–ಲೆಹ್ಮರ್ ಓಡಿಸಿ ಖಚಿತಪಡಿಸುತ್ತಾರೆ.

ನಿಮ್ಮ ಪ್ರೋಗ್ರಾಂಗೆ ಮರಳಿದರೆ, ಮೊದಲು ನೋಡಬೇಕಾದ್ದು ಯಾದೃಚ್ಛಿಕತೆ ಎಲ್ಲಿಂದ ಬರುತ್ತಿದೆ ಎಂಬುದು. ಪರೀಕ್ಷೆ ಎಷ್ಟು ಚೆನ್ನಾಗಿದ್ದರೂ ಆರಂಭದ ಸಂಖ್ಯೆ ಊಹೆಗೆ ಸಿಗುವಂತಿದ್ದರೆ ಕೀಲಿ ನೀರುಪಾಲು. 2012ರಲ್ಲಿ ಸಂಶೋಧಕರು ಅಂತರಜಾಲದ ಲಕ್ಷಾಂತರ ಸಾರ್ವಜನಿಕ ಕೀಲಿಗಳನ್ನು ಒಟ್ಟುಹಾಕಿ ಮ.ಸಾ.ಅ. ತೆಗೆದಾಗ, ಒಂದೇ ಅವಿಭಾಜ್ಯವನ್ನು ಹಂಚಿಕೊಂಡ ಸಾವಿರಾರು ಕೀಲಿಗಳು ಒಡೆದುಹೋದವು. ಆ ಅವಿಭಾಜ್ಯಗಳಲ್ಲಿ ದೋಷವಿರಲಿಲ್ಲ. ಸ್ವಿಚ್ ಹಾಕಿದ ಕೂಡಲೇ, ಸಾಕಷ್ಟು ಯಾದೃಚ್ಛಿಕತೆ ಕೂಡುವ ಮೊದಲೇ, ಉಪಕರಣಗಳು ಕೀಲಿ ತಯಾರಿಸಿದ್ದೇ ಕಾರಣ. ಪೈಥಾನ್‌ನ ರ‍್ಯಾಂಡಮ್ ಮಾಡ್ಯೂಲ್ ಬಳಸುತ್ತಿದ್ದರೆ ಬಿಟ್ಟುಬಿಡಿ, ಸೀಕ್ರೆಟ್ಸ್ ಮಾಡ್ಯೂಲ್ ಬಳಸಿ. ಮೊದಲನೆಯದರ ಹಿಂದಿರುವ ಮರ್ಸೆನ್ ಟ್ವಿಸ್ಟರ್ 32 ಬಿಟ್‌ಗಳ 624 ಉತ್ತರ ಕಂಡವನಿಗೆ ಮುಂದಿನದೆಲ್ಲವನ್ನೂ ಒಪ್ಪಿಸಿಬಿಡುತ್ತದೆ. ಅದರ ಆವರ್ತ 2^19937 − 1, ಅದೂ ಒಂದು ಅವಿಭಾಜ್ಯ ಎಂಬುದು ತಮಾಷೆ.

ಮೇಲಿನ ಎರಡು ಬಿಟ್‌ಗಳನ್ನೂ 1 ಮಾಡಿ, ಆಗ ಎರಡು ಅವಿಭಾಜ್ಯಗಳ ಗುಣಲಬ್ಧ ಪೂರ್ತಿ 2048 ಬಿಟ್ ಆಗುತ್ತದೆ. ಕೊನೆಯ ಬಿಟ್ಟೂ 1. ಆರ್‌ಎಸ್‌ಎ ಕೀಲಿಯ ಸಾರ್ವಜನಿಕ ಘಾತ (ಗೂಢಲಿಪಿಗೆ ಬಳಸುವ ಘಾತ; ಬಿಡಿಸಲು ಬಳಸುವುದು ಖಾಸಗಿ ಘಾತ) 65537 ಆಗಿದ್ದರೆ, 65537ರಿಂದ ಭಾಗಿಸಿದಾಗ ಶೇಷ 1 ಉಳಿಯುವ ಅವಿಭಾಜ್ಯವನ್ನು ಬಿಸಾಡಿ, ಅದಕ್ಕೆ ಖಾಸಗಿ ಘಾತ ಸಿಗುವುದಿಲ್ಲ. ಘಾತದ ಶೇಷಕ್ಕೆ ಪೌ ಫಂಕ್ಷನ್‌ಗೆ ಮೂರು ಆರ್ಗ್ಯುಮೆಂಟ್ ಕೊಡಿ. ಮೊದಲು ಘಾತ ತೆಗೆದು ಆಮೇಲೆ ಶೇಷ ತೆಗೆಯಹೊರಟರೆ ಅಷ್ಟು ಅಂಕಿ ಹಿಡಿಯುವ ಮೆಮೊರಿ ಎಲ್ಲೂ ಇಲ್ಲ. ಸಿ ಭಾಷೆಗೆ ಹೋದರೆ 64 ಬಿಟ್‌ಗಳ ಎರಡು ಸಂಖ್ಯೆಗಳ ಗುಣಲಬ್ಧಕ್ಕೆ 128 ಬಿಟ್ ಜಾಗ ಬೇಕು. ಅದನ್ನು ಮರೆತ ಪ್ರೋಗ್ರಾಂ ಸಣ್ಣ ಸಂಖ್ಯೆಗಳಿಗೆ ಸರಿಯಾಗಿ ಉತ್ತರಿಸುತ್ತಾ, ದೊಡ್ಡದು ಬಂದಾಗ ನಿಜವಾದ ಅವಿಭಾಜ್ಯಗಳನ್ನೇ ಸಂಯುಕ್ತ ಎನ್ನುತ್ತದೆ.

ತಪ್ಪು ಹಿಡಿಯಲು ಈ ಸಂಖ್ಯೆಗಳನ್ನು ಓಡಿಸಿ ನೋಡಿ. 2, 3, 5 ಅವಿಭಾಜ್ಯವೆಂದೇ ಬರಬೇಕು. ಜರಡಿ ತನ್ನ ಪಟ್ಟಿಯಲ್ಲಿರುವ ಅವಿಭಾಜ್ಯಗಳನ್ನೇ ಉದುರಿಸಿಬಿಡುವುದು ಬಹಳ ಸಾಮಾನ್ಯ ದೋಷ, ಇಲ್ಲೇ ಸಿಕ್ಕಿಬೀಳುತ್ತದೆ. 1, 9, 561, 703, 11,94,649 ಸಂಯುಕ್ತ ಅಥವಾ ‘ಅಲ್ಲ’ ಎಂದು ಬರಬೇಕು. 2047 = 23 × 89 ಆಧಾರ 2ನ್ನು ದಾಟುವ ಅತಿ ಚಿಕ್ಕ ಸಂಯುಕ್ತ ಸಂಖ್ಯೆ; 3,21,50,31,751 ಎಂಬುದು 2, 3, 5, 7 ನಾಲ್ಕನ್ನೂ ದಾಟುತ್ತದೆ, ಅದು 151 × 751 × 28351. ಇವೆರಡನ್ನು ಅದೇ ಆಧಾರಗಳಲ್ಲಿ ಓಡಿಸಿದಾಗ ನಿಮ್ಮ ಪ್ರೋಗ್ರಾಂ ಮೋಸ ಹೋಗಲೇಬೇಕು. ಹೋಗದಿದ್ದರೆ ಪ್ರೋಗ್ರಾಂನಲ್ಲಿ ಎಲ್ಲೋ ತಪ್ಪಿದೆ. ದೊಡ್ಡವುಗಳಲ್ಲಿ 2^127 − 1, 2^521 − 1, 2^1279 − 1 ಅವಿಭಾಜ್ಯಗಳು, 2^67 − 1 ಸಂಯುಕ್ತ: 19,37,07,721 × 7,61,83,82,57,287.